ಹೆಸರೆತ್ತಿದವರು

ಮಾರ್ಚ್ 3, ಸೋಮವಾರ

24.

ಹಲ್ಲುಜ್ಜುವ ಮೊದಲೇ ನೋಡಿದೆ. ಸಂಸ್ಥೆಗೆ ಹೋಗಿ ಬಿಳಿ ಕೋಟು ತೊಡುವಾಗ ಇನ್ನೊಮ್ಮೆ ನೋಡಿದೆ. ಊಟದ ಡಬ್ಬಿಯ ಮುಚ್ಚಳ ಬಿಚ್ಚುವಾಗ ಮತ್ತೊಮ್ಮೆ. ಇಪ್ಪತ್ತನಾಲ್ಕೇ. ಕಟ್ಟಿದ ಎಮ್ಮೆಯಂತೆ ಇದ್ದಲ್ಲೇ ಮಲಗಿದೆ, ಏಳು ಎಂದರೆ ಕಿವಿ ಮಾತ್ರ ಆಡಿಸುತ್ತದೆ.

ನಿರ್ದೇಶಕರ ಕಚೇರಿಯಿಂದ ಪರಿಶೀಲನೆಯ ಅರ್ಜಿ ಬಂದಿದೆ. ಏಪ್ರಿಲ್ ಹನ್ನೊಂದಕ್ಕೆ ಸಮಿತಿ ಕೂರುತ್ತದೆ. ಅರ್ಜಿ ಹದಿನಾಲ್ಕು ಪುಟ. ‘ನೀವು ಕಂಡುಹಿಡಿದದ್ದೇನು’ ಎನ್ನುವುದಕ್ಕೆ ಮೂರು ಗೆರೆ ಜಾಗ. ಎಷ್ಟು ಲೇಖನ, ಎಷ್ಟು ಉಲ್ಲೇಖ, ವರ್ಷಕ್ಕೆಷ್ಟು, ಸರಾಸರಿ ಎಷ್ಟು ಎನ್ನುವುದಕ್ಕೆ ಒಂಬತ್ತು ಪುಟ. ಮೈಗೆ ರೋಗ ತಡೆಯುವ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮೂವತ್ತು ವರ್ಷ ಇಲಿಗಳ ಜೊತೆ ಏಗಿದ್ದನ್ನು ಮೂರು ಗೆರೆಯಲ್ಲಿ ಹೇಳು ಎಂದರೆ ಏನು ಹೇಳಲಿ? ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಅಸಲು ವಿಷಯ: ಮುಖ್ಯಸ್ಥರ ಎಚ್-ಸೂಚ್ಯಂಕ ಇಪ್ಪತ್ತೈದಕ್ಕಿಂತ ಕಡಿಮೆಯಿದ್ದರೆ ಆ ಪ್ರಯೋಗಾಲಯವನ್ನು ‘ಸೂಕ್ತ ದೊಡ್ಡ ಗುಂಪಿನಲ್ಲಿ’ ವಿಲೀನ ಮಾಡಲಾಗುವುದು.

ಸೂಕ್ತ ದೊಡ್ಡ ಗುಂಪು ಯಾವುದೆಂದು ನನಗೆ ಯಾರೂ ಹೇಳಬೇಕಿಲ್ಲ. ನಮ್ಮ ಎದುರಿನ ಬಾಗಿಲು. ಅದರ ಯಜಮಾನರಿಗೆ ಇಡೀ ಕಟ್ಟಡದಲ್ಲಿ ಮೆರವಣಿಗೆ ಎಂದೇ ಹೆಸರು. ಚಹಾ ಕುಡಿಯಲು ಹೊರಟರೂ ಹಿಂದೆ ಹನ್ನೆರಡು ವಿದ್ಯಾರ್ಥಿಗಳು.

ಮಾರ್ಚ್ 5, ಬುಧವಾರ

24.

ಅತ್ತೆ ಹಿಡಿದು ಕೂರಿಸಿ ಕೇಳಿದರು, ಬೆಳಗಾದರೆ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ಎಂದು ಗೊಣಗುತ್ತೀಯಲ್ಲ, ಏನದು ಎಂದು. ಎಪ್ಪತ್ತೊಂಬತ್ತು ವರ್ಷದ ಹೆಂಗಸು, ತಿಳಿಯುವವರೆಗೆ ಬಿಡುವವರಲ್ಲ. ಹೇಳಿದೆ. ಒಬ್ಬ ವಿಜ್ಞಾನಿ ಲೇಖನ ಬರೆದರೆ, ಯಾರ ಯಾರ ಕೆಲಸದ ಮೇಲೆ ನಿಂತು ಇದನ್ನು ಬರೆದೆ ಎಂದು ಕೊನೆಯಲ್ಲಿ ಪಟ್ಟಿ ಹಾಕಬೇಕು. ಆ ಪಟ್ಟಿಯಲ್ಲಿ ನಮ್ಮ ಲೇಖನ ಬಂದರೆ ನಮಗೊಂದು ಉಲ್ಲೇಖ.

“ಅಂದ್ರೆ ನಿನ್ನ ಹೆಸರೆತ್ತೋದು,” ಎಂದರು.

ಅಷ್ಟೇ. ಸೂಚ್ಯಂಕ ಇಪ್ಪತ್ತೈದಾಗಲು ನನ್ನ ಇಪ್ಪತ್ತೈದು ಲೇಖನಗಳನ್ನು ತಲಾ ಇಪ್ಪತ್ತೈದು ಸಲವಾದರೂ ಬೇರೆಯವರು ಎತ್ತಿರಬೇಕು. ಇಪ್ಪತ್ತನಾಲ್ಕು ಲೇಖನ ಆ ಗೆರೆ ದಾಟಿವೆ. ಇಪ್ಪತ್ತೈದನೆಯದು ಇಪ್ಪತ್ತನಾಲ್ಕು ಸಲಕ್ಕೆ ನಿಂತುಬಿಟ್ಟಿದೆ.

“ಹಾಗಾದ್ರೆ ಇನ್ನೊಬ್ಬರು ಎತ್ತಿದ್ರೆ ಸಾಕು.”

“ಒಬ್ಬರೇ ಸಾಕು ಅತ್ತೆ.”

“ನಾನೆತ್ತಲಾ?”

ನಗು ಬಂತು, ಸಿಟ್ಟೂ ಬಂತು. ಆಮೇಲೆ ಇನ್ನೊಂದು ಕೇಳಿದರು: ಹೊಗಳಿ ಎತ್ತಿದರೂ ಒಂದೇ ಲೆಕ್ಕವಾ, ಬೈದು ಎತ್ತಿದರೂ ಒಂದೇ ಲೆಕ್ಕವಾ? ಎರಡೂ ಒಂದೇ ಎಂದೆ. ಅದಕ್ಕಿಂತ ನಮ್ಮ ಬೀದಿಯೇ ವಾಸಿ ಎಂದು ಎದ್ದು ಹೋದರು.

ಹೋದವರು ಮತ್ತೆ ಬಂದು, ಹಿಂದುಳಿದ ಆ ಕೂಸು ಯಾವುದು ಎಂದರು. ಮುದಿ ಇಲಿಗಳದ್ದು ಎಂದೆ. ಒಮ್ಮೆ ಬಂದ ರೋಗವನ್ನು ನೆನಪಿಟ್ಟುಕೊಳ್ಳುವ ಕೋಶಗಳು ನಮ್ಮ ಮೈಯಲ್ಲಿವೆ. ಆ ಕೋಶದ ಮೈಮೇಲೆ ಒಂದು ಗುರುತು. ಎಳೆ ಇಲಿಗಳಲ್ಲಿ ಗುರುತು ಇತ್ತು, ಮುದಿ ಇಲಿಗಳಲ್ಲಿ ಇರಲಿಲ್ಲ. ಮುಪ್ಪು ಬಂದ ಮೈಗೆ ಮರೆವು ಎಂದು ಆರು ವರ್ಷದ ಹಿಂದೆ ಬರೆದೆ. ಅತ್ತೆಗೆ ಮುಖ ಕೆಂಪಾಯಿತು. ನನಗೇನೂ ಮರೆತಿಲ್ಲ ಎಂದು, ನಾನು ಈ ಮನೆಗೆ ಬಂದ ಮೊದಲ ವಾರ ಯಾವ ದಿನ ಯಾವ ಪಾತ್ರೆ ತಳ ಹಿಡಿಸಿದೆ ಎಂದು ವಾರ ಸಮೇತ ಒಪ್ಪಿಸಿದರು.

ಮಾರ್ಚ್ 7, ಶುಕ್ರವಾರ

24.

ಮೆರವಣಿಗೆ ಮೆಟ್ಟಿಲ ಹತ್ತಿರ ನಿಲ್ಲಿಸಿದರು. ಹನ್ನೆರಡೂ ಜನ ಮೂರು ಮೆಟ್ಟಿಲು ಕೆಳಗೆ ಕಾದು ನಿಂತರು. ನನ್ನ ಸಂಕಟ ಅವರಿಗೆ ಹೇಗೆ ಗೊತ್ತಾಯಿತೋ, ಈ ಕಟ್ಟಡದ ಗೋಡೆಗಳಿಗೆ ಕಿವಿಯಲ್ಲ, ಬಾಯಿಯೇ ಇದೆ. ಅವರದೂ ಮುದಿ ಇಲಿಗಳ ಕೆಲಸವೇ. ಅವರ ದೊಡ್ಡ ಲೇಖನವೊಂದನ್ನು ಒಂಬೈನೂರು ಚಿಲ್ಲರೆ ಜನ ಎತ್ತಿದ್ದಾರೆ. ಅವರ ಹುಡುಗರು ಬರೆದ ಇನ್ನೊಂದು ಲೇಖನ ಮುಂದಿನ ವಾರ ಹೊರಡುತ್ತದಂತೆ. ಅದರ ಪಟ್ಟಿಯಲ್ಲಿ ನನ್ನದೊಂದು ಸೇರಿಸುವುದು ದೊಡ್ಡ ಮಾತಲ್ಲವಂತೆ. ನಾನು ಬರೆಯುತ್ತಿರುವುದರಲ್ಲಿ ಅವರದು ನಾಲ್ಕು ಸೇರಿಸಿದರಾಯಿತಂತೆ.

ಎಂಥ ನಾಚಿಕೆಗೇಡು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಬಾಯಲ್ಲಿ “ನಾಲ್ಕು ಜಾಸ್ತಿಯಾಯ್ತು, ಎರಡು” ಎಂದೆ.

ಮೂರಕ್ಕೆ ಇಳಿದರು. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಮಾರ್ಚ್ 12, ಬುಧವಾರ

24.

ಅನುಮಾನಿಯ ಜೊತೆ ಜಗಳ. ನನ್ನ ಉಳಿದ ಒಬ್ಬಳೇ ವಿದ್ಯಾರ್ಥಿನಿ, ನಾಲ್ಕನೆಯ ವರ್ಷ. ಹೊಸಿಲು ದಾಟುವ ಮೊದಲು ಹೊಸಿಲು ಇದೆಯೇ ಎಂದು ಮುಟ್ಟಿ ನೋಡುವ ಜಾತಿ. ನನ್ನ ಮುಪ್ಪಿನ ಲೇಖನವನ್ನೇ ಮುಂದುವರಿಸು ಎಂದು ಕೊಟ್ಟು ಹದಿನಾಲ್ಕು ತಿಂಗಳಾಯಿತು. ಒಂದು ದಿನ ಮುದಿ ಇಲಿಯ ಕೋಶಗಳ ಮೇಲೆ ಗುರುತು ಇದೆ ಎನ್ನುತ್ತಾಳೆ, ಇನ್ನೊಂದು ದಿನ ಎಳೆಯದರಲ್ಲೂ ಇಲ್ಲ ಎನ್ನುತ್ತಾಳೆ. ಆರು ವರ್ಷದ ಹಿಂದೆ ಬಂದದ್ದು ನಿನ್ನ ಕೈಯಲ್ಲಿ ಯಾಕೆ ಬರುವುದಿಲ್ಲ ಎಂದು ಕೇಳಿದರೆ, ಅದನ್ನೇ ನಾನೂ ಕೇಳುತ್ತಿದ್ದೇನೆ ಎಂದಳು.

ಅವಳು ಕೆಲಸ ಮಾಡುವ ಚಂದ ನೋಡಬೇಕು. ಎಲ್ಲ ಇಲಿಗಳಿಂದಲೂ ಮೊದಲೇ ತೆಗೆದಿಟ್ಟ ಕೋಶಗಳ ಕೊಳವೆಗಳಿಗೆಲ್ಲ ನಂಬರು ಅಂಟಿಸಿ, ಚೀಟಿ ಎತ್ತಿ, ಯಾವ ನಂಬರು ಬಂದರೆ ಅದನ್ನು ಮೊದಲು ಎಣಿಸುವ ಯಂತ್ರಕ್ಕೆ ಹಾಕುತ್ತಾಳೆ. ಉಳಿದವು ಮಂಜುಗಡ್ಡೆಯ ಮೇಲೆ ಕಾಯುತ್ತಿರುತ್ತವೆ. ಚೀಟಿ ಎತ್ತುವ ಆಟ ಬಿಡು, ನಮ್ಮ ಇಲಿಮನೆ ಮೇಸ್ತ್ರಿ ಪಂಜರಗಳನ್ನು ಯಾವ ಸಾಲಿನಲ್ಲಿ ಜೋಡಿಸಿ ಕಳಿಸುತ್ತಾನೋ ಅದೇ ಸಾಲಿನಲ್ಲಿ ಮಾಡು, ಮೊದಲು ನಾವೆಲ್ಲ ಮಾಡಿದ್ದು ಹಾಗೇ ಎಂದೆ. ಮುಖ ಊದಿಸಿಕೊಂಡು ಹೋದಳು.

ಮಾರ್ಚ್ 17, ಸೋಮವಾರ

24. ಎಮ್ಮೆ ಏಳಲಿಲ್ಲ.

ಮಾರ್ಚ್ 18, ಮಂಗಳವಾರ

24.

ಬಂತು! ಸಂಖ್ಯೆಯಲ್ಲ, ಅನುಮಾನಿಯ ಫಲಿತಾಂಶ. ಮೇಸ್ತ್ರಿಯ ಸಾಲಿನಲ್ಲೇ ಮಾಡಿದಳು, ನನ್ನ ಲೇಖನದಲ್ಲಿದ್ದದ್ದು ಅಚ್ಚೊತ್ತಿದ ಹಾಗೆ ಬಂತು. ಎಳೆಯವುಗಳಲ್ಲಿ ಗುರುತು ಇದೆ, ಮುದಿಯವುಗಳಲ್ಲಿ ಇಲ್ಲ. ನಾನು ಹೇಳಿರಲಿಲ್ಲವೇ ಎಂದೆ. ಕುಣಿದಾಡಬೇಕಿದ್ದ ಹುಡುಗಿ ಕಲ್ಲಿನ ಹಾಗೆ ನಿಂತಿದ್ದಳು.

“ಬಂತು ಮೇಡಂ. ಆದ್ರೆ ಯಾಕೆ ಬಂತು?”

ಬರದಿದ್ದಾಗ ಯಾಕೆ ಬರಲಿಲ್ಲ ಎನ್ನುವುದು, ಬಂದಾಗ ಯಾಕೆ ಬಂತು ಎನ್ನುವುದು. ಇವಳನ್ನು ಹೆತ್ತವರಿಗೆ ಕೈ ಮುಗಿಯಬೇಕು.

ಮಾರ್ಚ್ 20, ಗುರುವಾರ

25!

ಬೆಳಿಗ್ಗೆ ಎಂಟೂ ಕಾಲಿಗೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಇಪ್ಪತ್ತೈದು. ಯಾವುದೋ ದೂರದ ಪ್ರಯೋಗಾಲಯ, ಹೆಸರೂ ಕೇಳಿಲ್ಲ, ಅವರ ಹೊಟ್ಟೆ ತಣ್ಣಗಿರಲಿ. ಮೆರವಣಿಗೆಗೆ ಫೋನು ಮಾಡಿ ನಿಮ್ಮ ಮೂರೂ ಬೇಡ, ನನ್ನ ಒಂದೂ ಬೇಡ ಎಂದೆ. ಆ ಸುಖಕ್ಕೆ ಸಾಟಿಯಿಲ್ಲ. ನಾಳೆ ಗ್ರಂಥಪಾಲಕರಿಂದ ಪ್ರಮಾಣಪತ್ರ ಮಾಡಿಸಿ ಅರ್ಜಿ ಹಾಕಿಬಿಡುತ್ತೇನೆ.

ಅತ್ತೆಗೆ ಹೇಳಿದೆ. “ಹೊಗಳಿದ್ರಾ, ಬೈದ್ರಾ?” ಎಂದರು. ನಾನಿನ್ನೂ ತೆರೆದು ನೋಡಿರಲಿಲ್ಲ.

ಮಾರ್ಚ್ 21, ಶುಕ್ರವಾರ

ಬೈದಿದ್ದಾರೆ.

ಬಹಳ ಮರ್ಯಾದೆಯಿಂದ ಬೈದಿದ್ದಾರೆ, ಅದು ಇನ್ನೂ ಉರಿ. ‘ಈ ಫಲಿತಾಂಶ ನಮಗೆ ಸಿಗಲಿಲ್ಲ, ಕೋಶಗಳನ್ನು ಮಂಜುಗಡ್ಡೆಯ ಮೇಲೆ ಹೆಚ್ಚು ಹೊತ್ತು ಇಟ್ಟಿರುವ ಸಾಧ್ಯತೆಯಿದೆ’ ಎಂದು ಬರೆದು, ಅದಕ್ಕೆ ಆಧಾರವಾಗಿ ನಲವತ್ತು ವರ್ಷ ಹಳೆಯ ಒಂದು ಲೇಖನವನ್ನು ಎತ್ತಿದ್ದಾರೆ. ಯಾವ ಲೇಖನ? ನಾನು ಹತ್ತೊಂಬತ್ತು ವರ್ಷದಿಂದ ಪ್ರತಿಯೊಂದು ಪಟ್ಟಿಯಲ್ಲೂ ಮೂರನೆಯದಾಗಿ ಹಾಕುತ್ತಾ ಬಂದದ್ದೇ! ‘ಮಂಜುಗಡ್ಡೆಯ ಮೇಲಿಟ್ಟರೆ ಕೋಶಗಳಿಗೆ ಹಾನಿಯಿಲ್ಲ’ ಎಂಬುದಕ್ಕೆ ನಾನು ಅದನ್ನು ಹಾಕಿದರೆ, ಹಾನಿಯಿದೆ ಎಂಬುದಕ್ಕೆ ಇವರು ಹಾಕಿದ್ದಾರೆ. ಓದದೆಯೇ ಹೆಸರೆತ್ತುವ ಜನ. ಸೋಮವಾರ ಆ ಲೇಖನ ತರಿಸಿ, ಸಾಲಿಗೆ ಸಾಲು ತೋರಿಸಿ ಉತ್ತರ ಬರೆಯುತ್ತೇನೆ.

ಮಾರ್ಚ್ 24, ಸೋಮವಾರ

ಗ್ರಂಥಪಾಲಕರು ಮಿತಭಾಷಿ. ನಾನು ಕೊಟ್ಟ ವಿವರ ಹಿಡಿದು ನೆಲಮಾಳಿಗೆಗೆ ಹೋಗಿ, ಸಂಪುಟ ಹದಿನೆಂಟನ್ನು ಎತ್ತಿ ತಂದು, ಧೂಳು ಕೊಡವಿ, ಪುಟ ನಲವತ್ತು ತೆರೆದು ನನ್ನ ಮುಂದಿಟ್ಟರು. ಕೋಳಿಗಳ ಕೊಕ್ಕಿನ ಹುಣ್ಣಿನ ಬಗ್ಗೆ ಲೇಖನ. ಪುಟ ಹಿಂದೆ ನೋಡಿದೆ, ಮುಂದೆ ನೋಡಿದೆ, ಕೋಳಿಗಳೇ.

ಅನುಮಾನಿ ಪಕ್ಕದಲ್ಲಿ ನಿಂತಿದ್ದಳು. ಬಹಳ ಮೆತ್ತಗೆ ಕೇಳಿದಳು:

“ಮೇಡಂ, ಇದನ್ನ ನೀವು ಓದಿದೀರಾ?”

ಓದಿಲ್ಲದೆ ಹತ್ತೊಂಬತ್ತು ವರ್ಷ ಹಾಕುತ್ತಾರಾ ಎಂದು ರೇಗಿದೆ. ರೇಗಿದ ಮೇಲೆ ನೆನಪು ಮಾಡಿಕೊಂಡೆ. ನನ್ನ ಗುರುಗಳ ಪಟ್ಟಿಯಿಂದ ಇಳಿಸಿಕೊಂಡದ್ದು. ಅವರು ಯಾರ ಪಟ್ಟಿಯಿಂದ ಇಳಿಸಿದರೋ. ಬೈದವರ ಪಟ್ಟಿಯಲ್ಲಿರುವುದು ಸಂಪುಟ ಹದಿಮೂರು. ಅದು ಯಾವುದೋ ಕಾಲದಲ್ಲಿ ಯಾರದೋ ಕೈಯಲ್ಲಿ ಹದಿನೆಂಟಾಗಿ, ಹಾಗೇ ಕೈಯಿಂದ ಕೈಗೆ ಬಂದಿದೆ. ನಾನು ಕೋಳಿಗಳ ಹೆಸರೆತ್ತುತ್ತಿದ್ದೆ.

ಗ್ರಂಥಪಾಲಕರು ಒಂದು ಮಾತೂ ಆಡದೆ ಸಂಪುಟ ಹದಿಮೂರು ತರಲು ಹೋದರು. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ 25, ಮಂಗಳವಾರ

ಆರು ಪುಟದ ಲೇಖನ. ಇಬ್ಬರು ಬರೆದದ್ದು. ಮೂರನೆಯ ಪುಟದಲ್ಲಿ ಇದೆ: ‘ಮಂಜುಗಡ್ಡೆಯ ಮೇಲೆ ನಲವತ್ತು ನಿಮಿಷದವರೆಗೆ ಕೋಶಗಳಿಗೆ ಹಾನಿಯಿಲ್ಲ.’ ನಾವೆಲ್ಲ ಎತ್ತಿಕೊಂಡದ್ದು ಇದನ್ನು, ಅದರಲ್ಲೂ ನಿಮಿಷವನ್ನು ಬಿಟ್ಟು. ಅದರ ಮುಂದಿನ ಸಾಲು: ‘ಆಮೇಲೆ ಮೇಲಿನ ಗುರುತು ಕಳಚಿಕೊಳ್ಳತೊಡಗುತ್ತದೆ, ಎರಡು ಗಂಟೆಯ ಹೊತ್ತಿಗೆ ಏನೂ ಉಳಿಯುವುದಿಲ್ಲ.’

ಮಧ್ಯಾಹ್ನ ಅನುಮಾನಿ ಒಂದು ಹಾಳೆ ತಂದಿಟ್ಟಳು. ಹದಿನಾಲ್ಕು ತಿಂಗಳ ಅಂಕಿಗಳನ್ನೆಲ್ಲ ಎಳೆಯದು-ಮುದಿಯದು ಎಂದು ವಿಂಗಡಿಸುವ ಬದಲು, ಪ್ರತಿ ಕೊಳವೆ ಎಷ್ಟು ಹೊತ್ತು ಕಾಯಿತು ಎಂಬುದರ ಪ್ರಕಾರ ಜೋಡಿಸಿದ್ದಾಳೆ. ಚೀಟಿ ಎತ್ತಿದ ಹೊತ್ತನ್ನೆಲ್ಲ ಬರೆದಿಟ್ಟುಕೊಂಡಿದ್ದಳು, ಅನುಮಾನಿ ತಾನೇ. ಕಲಸುಮೇಲೋಗರವಾಗಿದ್ದದ್ದು ಇಳಿಜಾರಿನ ಹಾಗೆ ನೆಟ್ಟಗೆ ನಿಂತಿತು. ಕಾದಷ್ಟೂ ಗುರುತು ಕಡಿಮೆ. ವಯಸ್ಸಿನ ಗೊಡವೆಯೇ ಇಲ್ಲ.

ನನಗೆ ಇನ್ನೂ ಒಪ್ಪಿಗೆಯಾಗಲಿಲ್ಲ. ಆಕಸ್ಮಿಕ ಇರಬಹುದು ಎಂದೆ. ಇರಬಹುದು ಮೇಡಂ ಎಂದಳು. ಇವಳು ಒಪ್ಪಿದರೆ ನನಗೆ ಹೆದರಿಕೆ.

ಮಾರ್ಚ್ 26, ಬುಧವಾರ

ಇಲಿಮನೆಗೆ ಹೋದೆ. ಎಷ್ಟು ವರ್ಷವಾಗಿತ್ತೋ ಅಲ್ಲಿ ಕಾಲಿಟ್ಟು. ಮೇಸ್ತ್ರಿ ಪಂಜರಗಳಿಗೆ ಮರದ ಪುಡಿ ಹಾಕುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ನಮಗೂ ಎದುರು ಬಾಗಿಲಿಗೂ ಇಲಿ ಕಳಿಸುವವನು ಇವನೇ. ಪಂಜರಗಳನ್ನು ಯಾವ ಸಾಲಿನಲ್ಲಿ ಕಳಿಸುತ್ತೀಯ ಎಂದೆ.

“ಎಳೇವು ಮೊದಲು, ಮುದೇವು ಕೊನೇಲಿ. ಯಾವಾಗ್ಲೂ ಹಂಗೇ ಅಮ್ಮಾ. ಎಳೇವಕ್ಕೆ ತಾಳ್ಮೆ ಇಲ್ಲ, ಒದ್ದಾಡ್ತವೆ, ಕಚ್ತವೆ. ಮುದೇವು ಪಾಪ, ಎಷ್ಟು ಹೊತ್ತಾದ್ರೂ ಸುಮ್ನೆ ಕೂತಿರ್ತವೆ.”

ಆರು ವರ್ಷದ ಹಿಂದೆಯೂ? ಆಗಲೂ ಹಾಗೇ. ನಲವತ್ತು ಇಲಿ ಬಂದ ದಿನ ಕೊನೆಯವು ಯಂತ್ರಕ್ಕೆ ಹೋಗುವ ಹೊತ್ತಿಗೆ ಎರಡು ಗಂಟೆ ದಾಟುತ್ತಿತ್ತು ಎಂದು ಅವನಿಗೇ ನೆನಪಿದೆ, ಊಟ ತಪ್ಪುತ್ತಿತ್ತಂತೆ. ತಪ್ಪಾಯಿತಾ ಅಮ್ಮಾ ಎಂದು ಕೇಳಿದ. ನಿನ್ನದಲ್ಲ ಎಂದೆ.

ಸಂಜೆ ಮನೆಯಲ್ಲಿ ಇವರ ಹತ್ತಿರ ಹೇಳಿಕೊಂಡೆ. ಇವರು ಭೂಮಿ ಅಳೆಯುವ ಸರ್ವೆಯರ್. ಮನುಷ್ಯರ ಮಾತು ಅರ್ಧ ಕೇಳಿ, ಗಡಿಕಲ್ಲಿನ ಮಾತು ಪೂರ್ತಿ ಕೇಳುವವರು. ಇವತ್ತು ಪೂರ್ತಿ ಕೇಳಿದರು. ತಮ್ಮಲ್ಲಿ ಅಳತೆಯ ಮೇಲೆ ಅನುಮಾನ ಬಂದರೆ ಸರಪಳಿಯನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ಎಳೆಯುತ್ತಾರಂತೆ. ಎರಡು ಕಡೆಯಿಂದಲೂ ಒಂದೇ ಬಂದರೆ ಅದು ನೆಲದ ಅಳತೆ, ಬೇರೆ ಬೇರೆ ಬಂದರೆ ಅಳೆದವನ ತಪ್ಪು.

ಮಾರ್ಚ್ 28, ಶುಕ್ರವಾರ

ಮುದಿಯವು ಮೊದಲು, ಎಳೆಯವು ಕೊನೆಗೆ. ನಾನೇ ಕೂತು ಮಾಡಿದೆ. ಹದಿನೈದು ವರ್ಷದಿಂದ ಪಿಪೆಟ್ಟು ಹಿಡಿದಿರಲಿಲ್ಲ, ಹೆಬ್ಬೆರಳು ನೋಯುತ್ತಿದೆ. ಅನುಮಾನಿ ಹೊತ್ತು ಬರೆದುಕೊಂಡಳು.

ಮುದಿ ಇಲಿಗಳ ಕೋಶಗಳ ಮೇಲೆ ಗುರುತು ಲಕಲಕ ಹೊಳೆಯಿತು. ಎರಡು ಗಂಟೆ ಮಂಜಿನ ಮೇಲೆ ಕೂತ ಎಳೆಯವು ಬೋಳು.

ಮುದಿಯವು ಏನನ್ನೂ ಮರೆತಿರಲಿಲ್ಲ. ನಾವು ಅವನ್ನು ಕಾಯಿಸಿದ್ದೆವು, ಅಷ್ಟೇ.

ಮನೆಗೆ ಬಂದು ಅತ್ತೆಗೆ ಹೇಳಿದರೆ, ಮಂಜಿನ ಮೇಲೆ ಎರಡು ಗಂಟೆ ಕೂರಿಸಿದರೆ ನನಗೂ ನಿನ್ನ ಹೆಸರು ಮರೆತುಹೋಗುತ್ತದೆ ಎಂದರು. ನಗಿಸಲು ಹೇಳಿದ್ದಲ್ಲ.

ಮಾರ್ಚ್ 31, ಸೋಮವಾರ

ಮುದಿ ಇಲಿಗಳ ಲೇಖನದ ಮೊದಲ ಹೆಸರು ನನ್ನ ಹಳೆಯ ವಿದ್ಯಾರ್ಥಿಯದು, ಈಗ ಬೇರೆ ಕಡೆ ಇದ್ದಾನೆ. ಫೋನಿನಲ್ಲಿ ಎಲ್ಲ ಕೇಳಿ, ನೀವು ಹೇಗೆ ಹೇಳಿದರೆ ಹಾಗೆ ಎಂದ. ನಾನು ಏನು ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ.

ಹಿಂತೆಗೆದುಕೊಂಡರೆ ಆ ಲೇಖನ ಲೆಕ್ಕಕ್ಕಿಲ್ಲ. ಸೂಚ್ಯಂಕ ಮತ್ತೆ ಇಪ್ಪತ್ತನಾಲ್ಕು. ಹನ್ನೊಂದನೇ ತಾರೀಖು ಎದುರು ಬಾಗಿಲು. ಎರಡು ಕೋಣೆ, ಒಂದು ಕಿಟಕಿ, ಹದಿನೇಳು ವರ್ಷ. ಅನುಮಾನಿ ಮೆರವಣಿಗೆಯಲ್ಲಿ ಹದಿಮೂರನೆಯವಳು.

ಪರಿಶೀಲನೆ ಮುಗಿಯಲಿ, ಆಮೇಲೆ ಹೇಳಿದರಾಯಿತು. ಆರು ವರ್ಷ ನಿಂತ ತಪ್ಪು ಇನ್ನು ಹನ್ನೊಂದು ದಿನ ನಿಂತರೆ ಯಾರ ಗಂಟು ಹೋಗುತ್ತದೆ?

ಏಪ್ರಿಲ್ 1, ಮಂಗಳವಾರ

ಕುತೂಹಲಕ್ಕೆ, ನನ್ನ ಹೆಸರೆತ್ತಿದ ಇಪ್ಪತ್ತೈದನ್ನೂ ಒಂದೊಂದಾಗಿ ತೆರೆದು ಓದಿದೆ. ಇಷ್ಟು ವರ್ಷ ಎಣಿಸಿದ್ದೆ, ಒಂದನ್ನೂ ಓದಿರಲಿಲ್ಲ. ಎಂಟು ಜನ ನನ್ನ ಹೆಸರನ್ನು ಸುಮ್ಮನೆ ಗುಂಪಿನಲ್ಲಿ ಗೋವಿಂದ ಎಂದು ಸೇರಿಸಿದ್ದಾರೆ. ಮೂವರು ನಾನು ಹೇಳದೇ ಇದ್ದದ್ದನ್ನು ನನ್ನ ಬಾಯಲ್ಲಿ ಹಾಕಿದ್ದಾರೆ. ಒಬ್ಬರು ನನ್ನನ್ನು ಗಂಡಸು ಮಾಡಿದ್ದಾರೆ.

ಹತ್ತೊಂಬತ್ತನೆಯದು ಒಂದು ಆಸ್ಪತ್ರೆಯವರದು. ಹೊಸ ಲಸಿಕೆಯೊಂದನ್ನು ಜನರ ಮೇಲೆ ಪರೀಕ್ಷಿಸುವ ಯೋಜನೆ. ಏಪ್ರಿಲ್ ಮೊದಲ ವಾರದಿಂದ ಜನರನ್ನು ಸೇರಿಸಿಕೊಳ್ಳುತ್ತಾರಂತೆ, ಅರವತ್ತೈದು ದಾಟಿದವರನ್ನು ಬಿಟ್ಟು. ಯಾಕೆ? ‘ಮುಪ್ಪಿನ ಮೈಯಲ್ಲಿ ರೋಗದ ನೆನಪು ಉಳಿಯುವುದಿಲ್ಲ ಎಂದು ತೋರಿಸಲಾಗಿದೆ.’ ಪಕ್ಕದಲ್ಲಿ ಒಂದು ಪುಟ್ಟ ಅಂಕಿ. ಪಟ್ಟಿಯಲ್ಲಿ ಆ ಅಂಕಿಯ ಎದುರು ಇರುವವಳು ನಾನು, ನಾನೊಬ್ಬಳೇ.

ಅವರು ಮಾತ್ರ ನನ್ನನ್ನು ನಿಜವಾಗಿ ಓದಿದ್ದಾರೆ. ಸಾಲಿಗೆ ಸಾಲು.

ಏಪ್ರಿಲ್ 2, ಬುಧವಾರ

ಆ ಹಳೆಯ ಲೇಖನ ಬರೆದ ಇಬ್ಬರಲ್ಲಿ ಒಬ್ಬರು ಇನ್ನೂ ಇದ್ದಾರೆ. ಎಂಬತ್ತನಾಲ್ಕು ವರ್ಷ. ಅನುಮಾನಿ ಎಲ್ಲಿಂದಲೋ ನಂಬರು ಹುಡುಕಿ ತಂದಳು. ಫೋನಿನಲ್ಲಿ ನನ್ನ ಪರಿಚಯ ಹೇಳಿ, ಲೇಖನದ ಹೆಸರು ಹೇಳಿದೆ. ಆ ಕಡೆಯಿಂದ:

“ಅದನ್ನ ಓದಿದ್ರಾ?”

“ಓದಿದೆ.”

“ಪೂರ್ತಿ?”

“ಪೂರ್ತಿ. ಮೂರು ಸಲ.”

“ಮುನ್ನೂರು ಜನ ಅದರ ಹೆಸರೆತ್ತಿದಾರಂತೆ. ನನ್ನ ಮೊಮ್ಮಗಳು ತೆಗೆದು ತೋರಿಸಿದ್ಲು. ಫೋನ್ ಮಾಡಿದೋರು ನೀವೇ ಮೊದಲು.”

ನಲವತ್ತು ನಿಮಿಷ ಎಂದು ಹೇಗೆ ಕಂಡುಕೊಂಡಿರಿ ಎಂದು ಕೇಳಿದೆ. ಅದರ ಕಥೆ ಹೇಳಿದರು. ಅವತ್ತು ಊಟಕ್ಕೆ ಹೋದವರು ಗೆಳತಿಯ ಜೊತೆ ಹರಟೆಗೆ ಕೂತುಬಿಟ್ಟರಂತೆ. ಓಡಿ ಬಂದು ನೋಡಿದರೆ ಕೋಶಗಳೆಲ್ಲ ಬೋಳು. ಬೈಸಿಕೊಳ್ಳಬೇಕಲ್ಲ ಎಂದು ಹೆದರಿ ಮಾರನೇ ದಿನ ಗಡಿಯಾರ ಇಟ್ಟುಕೊಂಡು ಕೂತರಂತೆ. ಎಲ್ಲರೂ ಒಂದೇ ಸಾಲು ಎತ್ತಿಕೊಂಡು ಹೋದರಲ್ಲ, ನೀವು ಯಾಕೆ ತಿದ್ದಲಿಲ್ಲ ಎಂದೆ. ತಿದ್ದಿ ಎರಡು ಸಲ ಬರೆದಿದ್ದಾರಂತೆ, ಅಚ್ಚೂ ಆಗಿದೆಯಂತೆ. ಅದರ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲವಂತೆ. ಹೇಳಿ ಸಣ್ಣಗೆ ನಕ್ಕರು. ನನಗೆ ನಗಲಾಗಲಿಲ್ಲ. ಹದಿನೆಂಟನೆಯ ಸಂಪುಟದ ಕೋಳಿಗಳ ವಿಷಯವನ್ನೂ ಹೇಳಿಬಿಟ್ಟೆ. ಆಗ ಬಹಳ ಹೊತ್ತು ನಕ್ಕರು, ಕೆಮ್ಮು ಬರುವಷ್ಟು.

ಮಧ್ಯಾಹ್ನ ಆಸ್ಪತ್ರೆಯವರಿಗೆ ಬರೆದೆ. ಪತ್ರಿಕೆಯ ಸಂಪಾದಕರಿಗೆ ಬರೆದೆ. ದೂರದ ಪ್ರಯೋಗಾಲಯದವರಿಗೂ ಬರೆದೆ, ನೀವು ಸರಿ ಎಂದು. ಅದನ್ನು ಬರೆಯುವಾಗ ಹಲ್ಲು ಕಡಿದ ಸದ್ದು ಅನುಮಾನಿಗೂ ಕೇಳಿಸಿರಬೇಕು. ಅವಳಿಗೆ, ಚೀಟಿ ಎತ್ತಿದ್ದು ಒಳ್ಳೆಯದಾಯಿತು ಎಂದೆ. ಕ್ಷಮಿಸು ಎನ್ನುವ ಮೂರು ಅಕ್ಷರ ಬಾಯಿಗೆ ಬರಲಿಲ್ಲ, ಚಹಾ ತರಿಸಿದೆ.

ಏಪ್ರಿಲ್ 4, ಶುಕ್ರವಾರ

ನಿರ್ದೇಶಕರು ಕರೆಸಿದ್ದರು. ಕೆಟ್ಟವರಲ್ಲ. ಬಾಗಿಲು ಹಾಕಿಸಿ, ಕೂರಿಸಿ, ಒಂದು ಉಪಾಯ ಹೇಳಿದರು. ಆಸ್ಪತ್ರೆಯವರಿಗೆ ತಿಳಿಸಿದ್ದೀರಿ, ಸರಿ. ಪತ್ರಿಕೆಯವರು ಅಚ್ಚು ಮಾಡಲು ಹೇಗೂ ತಿಂಗಳು ಹಿಡಿಯುತ್ತದೆ. ಅರ್ಜಿಯಲ್ಲಿ ‘ಹಿಂತೆಗೆದುಕೊಂಡ ಲೇಖನಗಳು’ ಎನ್ನುವ ಕಡೆ ಇವತ್ತಿನ ಮಟ್ಟಿಗೆ ‘ಇಲ್ಲ’ ಎಂದು ಬರೆದರೆ ಸುಳ್ಳೇನೂ ಅಲ್ಲ.

“ಒಂದು ವಾರ ಸುಮ್ನಿದ್ರೆ ಆಯ್ತು. ನಿಮ್ಮ ಲ್ಯಾಬ್ ಉಳಿಯುತ್ತೆ. ಯಾರಿಗೂ ನಷ್ಟ ಇಲ್ಲ,” ಎಂದರು.

ನ್ಯಾಯವಾಗೇ ಇತ್ತು ಮಾತು. ಕೋಣೆಗೆ ಬಂದು, ಇನ್ನೂ ಹಾಕದೆ ಇಟ್ಟಿದ್ದ ಅರ್ಜಿ ತೆಗೆದು ಕೂತೆ. ಆ ಖಾನೆ ಹೆಬ್ಬೆರಳಗಲ. ‘ಇ’ ಎಂದು ಬರೆಯಲು ಶುರು ಮಾಡಿದೆ ಕೂಡ. ಎಣಿಸುವ ಯಂತ್ರದ ಹತ್ತಿರ ಅನುಮಾನಿ ಚೀಟಿ ಎತ್ತುತ್ತಾ ಮೇಸ್ತ್ರಿಗೆ ನಂಬರು ಕೂಗುತ್ತಿದ್ದಳು. ‘ಇ’ಯನ್ನು ಹೊಡೆದು ಹಾಕಿ ‘ಒಂದು’ ಎಂದು ಬರೆದೆ. ಹೊಡೆದು ಹಾಕಿದ್ದು ಎದ್ದು ಕಾಣುತ್ತದೆ. ಕಾಣಲಿ, ಹೊಸ ಅರ್ಜಿ ಕೇಳಿದರೆ ಮತ್ತೆ ಹದಿನಾಲ್ಕು ಪುಟ ತುಂಬಬೇಕು.

ಏಪ್ರಿಲ್ 11, ಶುಕ್ರವಾರ

ಹನ್ನೆರಡು ನಿಮಿಷ. ಮೂವರು ಸದಸ್ಯರು. ಒಬ್ಬರು ಪ್ರಾಮಾಣಿಕತೆಯನ್ನು ಬಹಳ ಮೆಚ್ಚಿಕೊಂಡರು. ನಿಯಮ ನಿಯಮವೇ ಎಂದೂ ಅವರೇ ಹೇಳಿದರು.

ಏಪ್ರಿಲ್ 22, ಮಂಗಳವಾರ

ಸಾಮಾನು ಸಾಗಿಸಿದ್ದಾಯಿತು. ಎಂಟು ಹೆಜ್ಜೆ ದೂರಕ್ಕೆ ಮೂರು ದಿನ ಹಿಡಿಯಿತು. ಮೆರವಣಿಗೆಯವರ ಪ್ರಯೋಗಾಲಯದಲ್ಲಿ ನನಗೆ ಕೊಟ್ಟಿರುವ ಮೂಲೆ ಮಂಜುಗಡ್ಡೆ ಯಂತ್ರದ ಪಕ್ಕ. ಅದು ಹತ್ತು ನಿಮಿಷಕ್ಕೊಮ್ಮೆ ಕಲ್ಲು ಸುರಿದ ಹಾಗೆ ಗಡಗಡ ಎನ್ನುತ್ತದೆ. ಹನ್ನೆರಡು ಮಂದಿಯೂ ಬಂದು ಬಂದು ಅದರಿಂದ ಬಕೆಟ್ಟು ತುಂಬಿಸಿಕೊಂಡು ಹೋಗುತ್ತಾರೆ. ಬಾಯಿ ಮುಚ್ಚಿಕೊಂಡು ಕೂತಿದ್ದೆ. ನಾಲ್ಕನೆಯವಳು ಬಂದಾಗ ತಡೆಯಲಾಗದೆ, ಎಷ್ಟು ಹೊತ್ತು ಇಡುತ್ತೀಯ ಎಂದು ಕೇಳಿದೆ. ಸಂಜೆಯವರೆಗೆ ಎಂದಳು. ಮಂಜುಗಡ್ಡೆಯಲ್ಲಿಟ್ಟರೆ ಹಾನಿಯಿಲ್ಲವಲ್ಲ ಮೇಡಂ, ಲೇಖನವೇ ಇದೆಯಲ್ಲ?

ಅವಳಿಗೆ ಆರೂ ಪುಟ ಕೊಟ್ಟೆ. ನಾಳೆ ಓದುತ್ತೇನೆ ಎಂದಳು. ಇಲ್ಲೇ ಕೂತು ಓದು ಎಂದೆ. ನನ್ನ ಗಂಟಲು ಸ್ವಲ್ಪ ಜೋರಾಯಿತೇನೋ, ಇನ್ನಿಬ್ಬರು ಬಂದು ಅವಳ ಹೆಗಲ ಮೇಲಿಂದ ಓದತೊಡಗಿದರು.

ಮೇ 6, ಮಂಗಳವಾರ

ಆಸ್ಪತ್ರೆಯಿಂದ ಉತ್ತರ. ಜನರನ್ನು ಸೇರಿಸಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿ, ವಯಸ್ಸಿನ ಮಿತಿ ತೆಗೆದು, ಮತ್ತೆ ಶುರು ಮಾಡುತ್ತಾರಂತೆ. ತಡವಾದದ್ದಕ್ಕೆ ನನ್ನ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಟ್ಟಿಲ್ಲ. ಅತ್ತೆಗೆ ಓದಿ ಹೇಳಿದೆ. ಕಾಗದ ಚೆನ್ನಾಗಿ ಬರೆದಿದ್ದಾರೆ ಎಂದರು.

ಹಿಂತೆಗೆದ ಸುದ್ದಿ ಅಚ್ಚಾದ ಮೇಲೂ ಯಾರೋ ಇಬ್ಬರು ಆ ಲೇಖನದ ಹೆಸರೆತ್ತಿದ್ದಾರೆ ಎಂದು ಅನುಮಾನಿ ಹೇಳಿದಳು. ಇಬ್ಬರಿಗೂ ಕಾಗದ ಬರೆಯಲು ಕೂತೆ. ಎಂಥ ರಗಳೆ.

ಮೇ 19, ಸೋಮವಾರ

ಬೆಳಿಗ್ಗೆ ಎಂಟಕ್ಕೆ, ಇನ್ನೂ ಯಾರೂ ಬಂದಿರಲಿಲ್ಲ, ಮೆರವಣಿಗೆ ಒಬ್ಬರೇ ಬಂದರು. ಒಬ್ಬರೇ ನಡೆದು ಬರುವಾಗ ಅವರು ಇಷ್ಟು ಕುಳ್ಳಗಿದ್ದಾರೆ ಎಂದು ಗೊತ್ತಿರಲಿಲ್ಲ. ಮಂಜುಗಡ್ಡೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ನಿಂತರು. ಅದು ಗಡಗಡ ಎಂದು ನಿಲ್ಲುವವರೆಗೂ ಕಾದರು.

“ಆ ಹಳೇ ಪೇಪರ್ ಇದೆಯಾ ನಿಮ್ಮ ಹತ್ರ?”

ನಿಮ್ಮ ದೊಡ್ಡ ಲೇಖನದ ಪಟ್ಟಿಯಲ್ಲೇ ಇದೆಯಲ್ಲ, ಐದನೆಯದು ಎಂದೆ.

“ಗೊತ್ತು. ಅದಕ್ಕೇ ಕೇಳ್ತಿದೀನಿ.”

ಶನಿವಾರ ಇಲಿಮನೆಗೆ ಹೋಗಿದ್ದರಂತೆ. ಮೇಸ್ತ್ರಿಯನ್ನು ಕೇಳಿದರಂತೆ. ಮೇಸ್ತ್ರಿ ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದ್ದಾನೆ. ಆ ದೊಡ್ಡ ಲೇಖನಕ್ಕೆ ಕೋಶಗಳನ್ನು ಎಷ್ಟು ಹೊತ್ತು ಮಂಜಿನಲ್ಲಿಟ್ಟಿದ್ದೆವು ಎಂದು ತಮ್ಮ ಹುಡುಗರನ್ನು ಕೇಳಲು ಮಾತ್ರ ಧೈರ್ಯ ಬರಲಿಲ್ಲ ಎಂದರು. ಎರಡು ತಿಂಗಳಿಂದ ಈ ಮನುಷ್ಯನಿಗೆ ಹೇಳಬೇಕೆಂದು ಮೊನಚು ಮಾಡಿಟ್ಟುಕೊಂಡ ಮಾತುಗಳು ನನ್ನ ಹತ್ತಿರ ಒಂದು ಚೀಲ ಇದ್ದವು. ಚೀಲ ಬಿಚ್ಚದೆ, ಖಾನೆಯಿಂದ ಆರು ಪುಟ ತೆಗೆದುಕೊಟ್ಟೆ. ಮೂರನೆಯ ಪುಟ ನೋಡಿ ಎಂದೆ.

“ಬೇಡ. ಮೊದಲಿಂದ ಓದ್ತೀನಿ.”

ಕುರ್ಚಿ ಎಳೆದು ಕೊಟ್ಟೆ. ಕೂತು, ಕನ್ನಡಕ ಹಾಕಿಕೊಂಡು, ಮೊದಲ ಸಾಲಿನ ಮೇಲೆ ಬೆರಳಿಟ್ಟರು. ಓಣಿಯ ತುದಿಯಲ್ಲಿ ಹುಡುಗರ ಮಾತು ಕೇಳಿಸಿತು. ಎದ್ದು ಹೋಗಿ ಬಾಗಿಲು ಹಾಕಿ ಬಂದೆ.